ಜೀರ್ಣೋದ್ಧಾರ ಬೇರೆ, ಸಂರಕ್ಷಣೆ ಬೇರೆ

ಹೊಸ ತಿಪ್ಪಸಂದ್ರಕ್ಕೆ ಸಮೀಪದ ದೊಮ್ಮಲೂರಿನಲ್ಲಿ ಚೋಳರ ಕಾಲದ ಚೊಕ್ಕನಾಥಸ್ವಾಮಿ ದೇವಾಲಯವಿದೆ. ಅಲ್ಲಿನ ತಮಿಳು ಶಾಸನಗಳು ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೇ ಸಂಪುಟದಲ್ಲಿ (1905) ಅಚ್ಚಾಗಿವೆ. ದೊಮ್ಮಲೂರು ಒಂದು ಕಾಲಕ್ಕೆ ತೊಂಬಲೂರು ಆಗಿತ್ತೆಂದು ತಿಳಿದದ್ದು ಇಂಥ ಕಲ್ಲುಗಳಿಂದಲೇ.

ಹಳೆಯ ಗುಡಿ ಸೋರತೊಡಗಿದರೆ ನಾವು ಸಾಮಾನ್ಯವಾಗಿ ಮಾಡುವುದು ಜೀರ್ಣೋದ್ಧಾರ. ಸಿಮೆಂಟು ಮೆತ್ತಿ, ಬಣ್ಣ ಬಳಿದು, ನೆಲಕ್ಕೆ ಗ್ರಾನೈಟ್ ಹಾಸುತ್ತೇವೆ. ಭಕ್ತಿಗೇನೂ ಕೊರತೆಯಿಲ್ಲ. ಆದರೆ ಬಣ್ಣದಡಿ ಶಾಸನ ಮುಚ್ಚಿಹೋದರೆ ಊರಿನ ಹೆಸರಿಗೆ ಸಾಕ್ಷಿ ಯಾರು?

ಇದಕ್ಕೆಂದೇ ಒಂದು ವ್ಯಾಸಂಗವಿದೆ. ವಾಸ್ತುಶಿಲ್ಪದ ಪದವೀಧರರಿಗೆ ದೆಹಲಿ ಮತ್ತು ಭೋಪಾಲದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್ ಸಂಸ್ಥೆಗಳಲ್ಲಿ ಸಂರಕ್ಷಣೆಯ ಎರಡು ವರ್ಷದ ಸ್ನಾತಕೋತ್ತರ ಶಿಕ್ಷಣ ದೊರೆಯುತ್ತದೆ. ಕಟ್ಟಡವನ್ನು ಮುಟ್ಟುವ ಮೊದಲು ಅಳೆದು ನಕ್ಷೆ ಬರೆಯಬೇಕು. ಬಿರುಕು ಹಳೆಯದೋ ಹೊಸದೋ, ನೀರು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡಬೇಕು. ಹೊಸದಾಗಿ ಸೇರಿಸಿದ ಭಾಗ ಹಳೆಯದರೊಡನೆ ಹೊಂದಬೇಕು, ಆದರೂ ಹೊಸದೆಂದು ಗುರುತು ಸಿಗಬೇಕು ಎಂಬುದು 1964ರ ವೆನಿಸ್ ಸನ್ನದಿನ ನಿಯಮ.

ಗಾರೆಯ ಪಾಠ ಇನ್ನೂ ಸ್ವಾರಸ್ಯದ್ದು. ದಂಡುಪ್ರದೇಶದ ಹಳೆಯ ಬಂಗಲೆಗಳ ಇಟ್ಟಿಗೆ ಗೋಡೆಗೆ ಬಳಸಿದ್ದು ಸುಣ್ಣದ ಗಾರೆ. ಅದು ಮೆದು, ಗೋಡೆಯೊಳಗಿನ ತೇವವನ್ನು ಹೊರಕ್ಕೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ನಿಂತು, ಉಪ್ಪು ಹರಳುಗಟ್ಟಿ, ಇಟ್ಟಿಗೆ ಪುಡಿಯಾಗುತ್ತದೆ. ದುರಸ್ತಿಯೇ ರೋಗವಾಗುವುದು ಹೀಗೆ! ಸುಣ್ಣವನ್ನಾದರೋ ದಿನಗಟ್ಟಲೆ ನೀರಿನಲ್ಲಿ ನೆನೆಹಾಕಬೇಕು, ಹದವರಿತ ಗಾರೆ ಕೆಲಸದವರನ್ನು ಹುಡುಕಬೇಕು. ಸಿಮೆಂಟು ಮಾತ್ರ ಪಕ್ಕದ ಅಂಗಡಿಯಲ್ಲೇ ಸಿಗುತ್ತದೆ.