107ರಲ್ಲಿ 8: ಎಂಬಿಬಿಎಸ್ ಪಠ್ಯದಲ್ಲಿ ಪರಿಸರ ಆರೋಗ್ಯ

2019ರಲ್ಲಿ ವಾಯುಮಾಲಿನ್ಯದಿಂದ ಭಾರತದಲ್ಲಿ ಸಂಭವಿಸಿದ ಸಾವುಗಳ ಅಂದಾಜು 16.7 ಲಕ್ಷ, ಆ ವರ್ಷದ ಒಟ್ಟು ಸಾವುಗಳಲ್ಲಿ ಶೇ 17.8. ಅದೇ ವರ್ಷ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಜಾರಿಗೆ ಬಂತು. ಅದರಲ್ಲಿ ಸಮುದಾಯ ವೈದ್ಯಶಾಸ್ತ್ರಕ್ಕೆ ಗೊತ್ತುಪಡಿಸಿದ ‘ಕಲಿಕಾ ಸಾಮರ್ಥ್ಯ’ಗಳು, ಅಂದರೆ ವಿದ್ಯಾರ್ಥಿ ವಿವರಿಸಬೇಕಾದ ಅಥವಾ ಮಾಡಿ ತೋರಿಸಬೇಕಾದ ಅಂಶಗಳು, 107. ಪರಿಸರ ಆರೋಗ್ಯ ಎಂಬ ಅಧ್ಯಾಯದ ಪಾಲು 8, ಶೇ 7.5.

ಈ ಎಂಟರ ಹಂಚಿಕೆಯಲ್ಲೇ ಸಮಸ್ಯೆಯಿತ್ತು. ರೋಗವಾಹಕ ಕೀಟ ಹಾಗೂ ಕೀಟನಾಶಕಕ್ಕೆ 3, ಕುಡಿಯುವ ನೀರು ಮತ್ತು ಅದರಿಂದ ಹರಡುವ ರೋಗಗಳಿಗೆ 2, ತ್ಯಾಜ್ಯಕ್ಕೆ 1, ವಸತಿಗೆ 1. ಉಳಿದ ಒಂದರಲ್ಲಿ ಗಾಳಿ, ನೀರು, ಶಬ್ದ, ವಿಕಿರಣ ನಾಲ್ಕನ್ನೂ ಸೇರಿಸಲಾಗಿತ್ತು. ಡೆಂಗಿ, ಮಂಗನ ಕಾಯಿಲೆ ಕಾಡುವ ನಮ್ಮ ರಾಜ್ಯದಲ್ಲಿ ಸೊಳ್ಳೆ, ಉಣುಗಿನ ಪಾಠ ಕಡಿತವಾಗಬೇಕೆಂದು ಯಾರೂ ಹೇಳಲಾರರು. ಆದರೆ ನೂರರಲ್ಲಿ ಹದಿನೇಳಕ್ಕೂ ಹೆಚ್ಚು ಸಾವಿಗೆ ಕಾರಣವಾದ ಗಾಳಿಗೆ ಪ್ರತ್ಯೇಕವಾಗಿ ಒಂದಾದರೂ ಸಿಗಬೇಕಿತ್ತು.

ಶ್ವಾಸಕೋಶ ವಿಭಾಗದಲ್ಲಿ ಇದನ್ನು ಹೇಳಿಕೊಡುತ್ತಾರೆ ಎಂಬ ಉತ್ತರ ಸಾಲದು. ವಾಯುಮಾಲಿನ್ಯ ತರುವ ರೋಗಹೊರೆಯಲ್ಲಿ ಶ್ವಾಸಕೋಶದ ಕಾಯಿಲೆಗಳ ಪಾಲು ಸುಮಾರು ಶೇ 40. ಮಿಕ್ಕ ಶೇ 60 ಹೃದಯಾಘಾತ, ಪಾರ್ಶ್ವವಾಯು, ಮಧುಮೇಹ, ಅವಧಿಪೂರ್ವ ಹೆರಿಗೆಯ ಶಿಶುಮರಣದ ರೂಪದಲ್ಲಿ ಬೇರೆ ವಾರ್ಡುಗಳಿಗೆ ಬರುತ್ತದೆ.

ಈ ಪಾಠ ಮನೆಯ ಒಳಗಿನ, ಹೊರಗಿನ ಗಾಳಿ ಎರಡನ್ನೂ ಒಳಗೊಳ್ಳಬೇಕು. ದೇಶದಲ್ಲಿ 1990ರಿಂದ 2019ರ ನಡುವೆ ಮನೆಯೊಳಗಿನ ಹೊಗೆಯಿಂದಾಗುವ ಮರಣ ಪ್ರಮಾಣ ಶೇ 64.2 ಇಳಿಯಿತು, ಹೊರಗಿನ ಗಾಳಿಯ ದೂಳಿನ ಕಣಗಳಿಂದಾಗುವುದು ಶೇ 115.3 ಏರಿತು. ಹಾಗೆಂದು ಒಲೆಯ ಪ್ರಶ್ನೆ ಮುಗಿದಿಲ್ಲ. ಶುದ್ಧ ಇಂಧನದಲ್ಲಿ ಅಡುಗೆ ಮಾಡುವ ಮನೆಗಳು 2015–16ರಲ್ಲಿ ಶೇ 43.8 ಇದ್ದದ್ದು 2019–21ರಲ್ಲಿ ಶೇ 58.6ಕ್ಕೆ ಬಂದಿವೆ. ಐದರಲ್ಲಿ ಎರಡು ಮನೆಗಳ ರೋಗಿಯನ್ನು ‘ಅಡುಗೆ ಯಾವುದರಲ್ಲಿ?’ ಎಂದು ಇನ್ನೂ ಕೇಳಲೇಬೇಕು.

ಪಿಎಂ 2.5, ಅಂದರೆ 2.5 ಮೈಕ್ರಾನ್‌ವರೆಗಿನ ದೂಳಿನ ಕಣ, ಘನ ಮೀಟರ್ ಗಾಳಿಯಲ್ಲಿ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂವರೆಗೆ ಇರಬಹುದು ಎನ್ನುತ್ತದೆ ಭಾರತದ 2009ರ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 5. ಊರಿನ ಗಾಳಿ ‘ಮಿತಿಯೊಳಗಿದೆ’ ಎಂಬ ವರದಿಯನ್ನು ಓದುವ ವೈದ್ಯರಿಗೆ ಈ ಎಂಟು ಪಟ್ಟು ಅಂತರ ತಿಳಿದಿರಬೇಕು.

2019ರಲ್ಲಿ ವಾಯುಮಾಲಿನ್ಯ ತಂದ ಸಾವು, ಕಾಯಿಲೆಗಳಿಂದ ದೇಶಕ್ಕಾದ ಆರ್ಥಿಕ ನಷ್ಟ ₹2.6 ಲಕ್ಷ ಕೋಟಿ, ಜಿಡಿಪಿಯ ಶೇ 1.36. ಹೋಲಿಕೆಗೆ, 2019–20ರಲ್ಲಿ ಕೇಂದ್ರ, ರಾಜ್ಯ ಸರ್ಕಾರಗಳೆಲ್ಲ ಸೇರಿ ಆರೋಗ್ಯಕ್ಕೆ ಮಾಡಿದ ವೆಚ್ಚ ಜಿಡಿಪಿಯ ಶೇ 1.35.

ಪಾಠದ ಕೊರತೆ ನಮ್ಮದೊಂದೇ ದೇಶದ್ದಲ್ಲ. ವೈದ್ಯ ವಿದ್ಯಾರ್ಥಿ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ 112 ದೇಶಗಳ 2,817 ಕಾಲೇಜುಗಳ ಮಾಹಿತಿ ಕಲೆಹಾಕಿತ್ತು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹವಾಮಾನ ಬದಲಾವಣೆ ಮತ್ತು ಆರೋಗ್ಯದ ಪಾಠವಿದ್ದದ್ದು ಶೇ 15ರಲ್ಲಿ. ವಾಯುಮಾಲಿನ್ಯದ ಪಾಠ ಶೇ 11ರಲ್ಲಿ. ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘದ ಸಮೀಕ್ಷೆಗಳಲ್ಲಿ ಹವಾಮಾನದ ಪಾಠವಿರುವ ಕಾಲೇಜುಗಳ ಪ್ರಮಾಣ 2019ರ ಶೇ 27ರಿಂದ 2022ಕ್ಕೆ ಶೇ 55 ಆಯಿತು. ಮೂರು ವರ್ಷ ಸಾಕಾಯಿತು. ದೊಡ್ಡ ಬದಲಾವಣೆ ನಮಗೂ ಅಸಾಧ್ಯವಲ್ಲ: ಭಾರತದಲ್ಲಿ ಎಂಬಿಬಿಎಸ್ ಸೀಟುಗಳು 2014ಕ್ಕೆ ಮುಂಚೆ 51,348 ಇದ್ದವು; 2024ರ ಜುಲೈಗೆ 1,12,112. ಇಷ್ಟು ಸೀಟುಗಳಿಗೆ ಕಟ್ಟಡ, ಹಾಸಿಗೆ, ಬೋಧಕರು ಬೇಕಾದರು. ಪಠ್ಯಕ್ಕೆ ಗಾಳಿಗಾಗಿ ಇನ್ನೊಂದು ಸಾಮರ್ಥ್ಯ ಸೇರಿಸಲು ಬೇಕಿರುವುದು ಒಂದು ತಿದ್ದುಪಡಿ.