ಪಂಪಿನ ದುರಸ್ತಿ: ಯಾವಾಗ, ಯಾವ ಭಾಗಕ್ಕೆ?

ಬತ್ತವು ತೆನೆ ಬಿಡುವ ಕಾಲದಲ್ಲಿ ಬಾವಿಯ ಪಂಪು ನಿಂತುಹೋದರೆ ರೈತನಿಗಾಗುವ ನಷ್ಟವು ಒಂದು ಬೇರಿಂಗಿನ ಬೆಲೆಯಷ್ಟೇ ಅಲ್ಲ. ಆ ವೇಳೆಯಲ್ಲಿ ಗದ್ದೆ ಒಣಗಿದರೆ ಜಳ್ಳು ಹೆಚ್ಚುವುದು. ಅನಂತರ ಎಷ್ಟು ನೀರು ಕಟ್ಟಿದರೂ ಜಳ್ಳು ಕಾಳಾಗಲಾರದು.

ಪಂಪೆಂಬುದು ಒಂದೇ ವಸ್ತುವಲ್ಲ. ಫುಟ್‌ವಾಲ್ವು, ಹೀರುಕೊಳವೆ, ಒಳಗಿನ ಚಕ್ರ, ಗ್ಲಾಂಡಿನ ಪ್ಯಾಕಿಂಗು, ಬೇರಿಂಗು, ಬೆಲ್ಟು, ಮೋಟಾರು ಇವುಗಳ ಆಯುಷ್ಯ ಒಂದೊಂದಕ್ಕೂ ಬೇರೆ. ಕೆಟ್ಟ ಮೇಲೆಯೇ ಬಿಚ್ಚುವುದು ಒಂದು ವಾಡಿಕೆ. ವರ್ಷಕ್ಕೊಮ್ಮೆ ಎಲ್ಲವನ್ನೂ ಬಿಚ್ಚುವುದು ಮತ್ತೊಂದು. ಎರಡೂ ಲಾಭಕರವಲ್ಲ. ಸರಿಯಾಗಿದ್ದುದನ್ನು ಕಳಚಿ ಕೂಡಿಸುವಾಗ ಕೆಡಿಸುವುದೂ ಉಂಟಷ್ಟೆ. ಆದುದರಿಂದ ಭಾಗಗಳು ತೋರುವ ಲಕ್ಷಣಗಳನ್ನು ನೋಡಿ ದುರಸ್ತಿಯನ್ನು ಗೊತ್ತುಮಾಡತಕ್ಕದ್ದು.

ಗ್ಲಾಂಡಿನಿಂದ ನೀರು ತೊಟ್ಟಿಕ್ಕುವುದು ದೋಷವಲ್ಲ. ತೊಟ್ಟೂ ಬೀಳದಂತೆ ಬಿಗಿಮಾಡುವವರು ಒಳಗಿನ ದಂಡವನ್ನೇ ಸವೆಸುವರು. ಬಿಗಿಮಾಡಿದರೂ ಧಾರೆ ನಿಲ್ಲದಿದ್ದರೆ ಪ್ಯಾಕಿಂಗು ಮುಗಿಯಿತೆಂದು ತಿಳಿಯಬೇಕು. ಪಂಪನ್ನು ನಿಲ್ಲಿಸಿದೊಡನೆ ಬೇರಿಂಗಿನ ಕವಚವನ್ನು ಮುಟ್ಟಿ ನೋಡಿದರೆ, ಕೈ ತಾಳಲಾರದ ಬಿಸಿಯು ಮುಂದಿನ ಕೇಡನ್ನು ತಿಳಿಸುವುದು. ನಡೆಸುವಾಗಲೆಲ್ಲ ನೀರು ತುಂಬಬೇಕಾಗಿ ಬಂದರೆ ಫುಟ್‌ವಾಲ್ವಾಗಲಿ ಹೀರುಕೊಳವೆಯಾಗಲಿ ಸೋರುತ್ತಿರುವುದು. 200 ಲೀಟರಿನ ಪೀಪಾಯಿ ತುಂಬಲು ಎಷ್ಟು ಸೆಕೆಂಡು ಹಿಡಿಯಿತೆಂಬುದನ್ನೂ ಬಾವಿಯ ನೀರಿನ ಮಟ್ಟವನ್ನೂ ತಿಂಗಳಿಗೊಮ್ಮೆ ಪಂಪುಮನೆಯ ಗೋಡೆಯ ಮೇಲೆ ಬರೆದಿಡುವುದು ಮೇಲು. ಮಟ್ಟವೂ ವಿದ್ಯುತ್ತೂ ಮೊದಲಿನಂತೆಯೇ ಇದ್ದು ಕಾಲ ಮಾತ್ರ ಹೆಚ್ಚುತ್ತ ಬಂದರೆ, ಕಸ ಕಟ್ಟಿರಬಹುದು, ಇಲ್ಲವೇ ಚಕ್ರ ಸವೆದಿರಬಹುದು.

ಇನ್ನು, ಒಂದು ಭಾಗಕ್ಕಾಗಿ ಪಂಪನ್ನು ಬಿಚ್ಚಿದಾಗ ಉಳಿದವನ್ನು ಏನು ಮಾಡಬೇಕು? ಬಹುಜನರು ತಪ್ಪುವುದು ಇಲ್ಲಿಯೇ. ಬೇರಿಂಗು ಹಾಕುವ ದಿನ ಪ್ಯಾಕಿಂಗನ್ನೂ ಹೇಗೂ ತೆಗೆಯಬೇಕು; ಕೂಲಿ ಎರಡಕ್ಕೂ ಒಂದೇ. ಆ ಪ್ಯಾಕಿಂಗು ಕೊಯ್ಲಿನವರೆಗೆ ಬಾಳಲಾರದೆಂದು ಕಂಡರೆ ಅಂದೇ ಬದಲಾಯಿಸತಕ್ಕದ್ದು, ಇನ್ನೊಂದು ತಿಂಗಳು ನಡೆಯುವಂತಿದ್ದರೂ ಸರಿಯೆ. ಫುಟ್‌ವಾಲ್ವಿಗೆ ಈ ನಿಯಮವಿಲ್ಲ. ಪಂಪನ್ನು ಬಿಚ್ಚದೆಯೂ ಅದನ್ನು ನೋಡಬಹುದು. ಜೊತೆಯಾಗಿ ಓಡುವ ವಿ-ಬೆಲ್ಟುಗಳಲ್ಲಿ ಒಂದು ಹರಿದರೆ ಎಲ್ಲವನ್ನೂ ಒಟ್ಟಿಗೆ ಹಾಕಬೇಕು. ಹಿಗ್ಗಿದ ಹಳೆಯವುಗಳ ನಡುವೆ ಹೊಸದೊಂದನ್ನು ಹಾಕಿದರೆ ಹೊರೆಯೆಲ್ಲ ಅದರ ಮೇಲೆಯೇ ಬಿದ್ದು ಅದೂ ಬೇಗನೆ ಹಾಳಾಗುವುದು. ಇಷ್ಟು ಚಿಕ್ಕ ಉಳಿತಾಯಕ್ಕೆ ಆಶೆಪಡುವವರು ಕಡಮೆಯಿಲ್ಲ!

ಕೊಳವೆಬಾವಿಯಲ್ಲಿ ಮುಳುಗಿರುವ ಪಂಪಿನ ಲೆಕ್ಕವೇ ಬೇರೆ. ಕಾರಣ ಯಾವುದಾದರೂ ಕೊಳವೆಗಳನ್ನೆಲ್ಲ ಮೇಲೆತ್ತುವ ಖರ್ಚು ಒಂದೇ ಆದುದರಿಂದ, ಎತ್ತಿದ ದಿನವೇ ಕೇಬಲಿನ ಜೋಡು, ಕೊಳವೆಗಳ ಮರೆ, ನೀರು ಹಿಂದಿರುಗದಂತೆ ತಡೆಯುವ ವಾಲ್ವು, ಮೋಟಾರಿನ ಬೇರಿಂಗು ಇವನ್ನು ಪರೀಕ್ಷಿಸಿಯೇ ಮತ್ತೆ ಇಳಿಸತಕ್ಕದ್ದು.