ಹೊಗೆಗೆ ಹಾದಿ, ಬೂದಿಗೆ ಕಣಜ

ಪುಣೆಯಿಂದ ಸೋಲಾಪುರ, ವಾಡಿ ಮಾರ್ಗವಾಗಿ ರಾಯಚೂರಿಗೆ ರೈಲಿನಲ್ಲಿ ಪ್ರಯಾಣ ಮಾಡಿದ ವಾಚಕರು ಕೃಷ್ಣಾನದಿಯ ಆಸುಪಾಸಿನಲ್ಲಿ ಶಕ್ತಿನಗರದ ಚಿಮಣಿಗಳನ್ನು ನೋಡಿಯೇ ಇರುತ್ತಾರೆ. ಅಲ್ಲಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲನೆಯ ಘಟಕವು 1985ರಲ್ಲಿ ಆರಂಭವಾಯಿತು. ಅನಂತರ ಒಂದೊಂದಾಗಿ ಎಂಟು ಘಟಕಗಳಾದವು. ಕಿಟಕಿಗೆ ಮುಖವಿಟ್ಟ ಮಕ್ಕಳು, “ಇಷ್ಟು ಎತ್ತರಕ್ಕೆ ಹೇಗೆ ಕಟ್ಟಿದರು? ಅಷ್ಟುದ್ದದ ಏಣಿ ಎಲ್ಲಿ ಸಿಕ್ಕಿತು?” ಎಂದು ಕೇಳುವುದುಂಟು. ದೊಡ್ಡವರಾದ ನಾವು ಸಾಮಾನ್ಯವಾಗಿ ಬುತ್ತಿಯ ಗಂಟು ಬಿಚ್ಚಿ ಆ ಪ್ರಶ್ನೆಯಿಂದ ಪಾರಾಗುತ್ತೇವೆ. ಆದರೆ ಉತ್ತರದ ಒಂದು ತುಣುಕು ನಮ್ಮ ನೆರೆಯ ಭೋಸರಿಯಲ್ಲಿಯೇ ಇದೆ.

ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಂಡಳವು 1962ರಲ್ಲಿ ಸ್ಥಾಪಿತವಾಯಿತು. ಅದರ ಬೆನ್ನಿಗೇ ಪಿಂಪರಿ, ಚಿಂಚವಾಡ, ಭೋಸರಿಗಳ ಹೊಲಗಳು ಕಾರ್ಖಾನೆಗಳಾದವು. ಇಲ್ಲಿಯ ತಗಡಿನ ಶೆಡ್ಡುಗಳಲ್ಲಿ ಕಬ್ಬಿಣವನ್ನು ಕತ್ತರಿಸಿ, ಬಗ್ಗಿಸಿ, ಬೆಸೆದು ಮಾಡದ ವಸ್ತುವಿಲ್ಲ. ಅಂಥದೊಂದು ಶೆಡ್ಡಿಗೆ ನಾವು ಹೋದಾಗ ಅಂಗಳದಲ್ಲಿ ಆಳೆತ್ತರದ ಉಕ್ಕಿನ ಚೌಕಟ್ಟುಗಳು ಸಾಲಾಗಿ ಒರಗಿದ್ದವು. ಪಕ್ಕದಲ್ಲಿ ಎಣ್ಣೆಯ ಒತ್ತಡದಿಂದ ನಡೆಯುವ ಜಾಕುಗಳನ್ನು ಬಿಚ್ಚಿ ತೊಳೆಯುತ್ತಿದ್ದರು. ಚಿಮಣಿಯನ್ನು ಏರಿಸುವ ಏಣಿಯೆಂದರೆ ಇದೇ.

ಎತ್ತರದ ಮಾತನ್ನು ಮೊದಲು ಮುಗಿಸೋಣ. 500 ಮೆಗಾವ್ಯಾಟ್ ಮತ್ತು ಅದಕ್ಕೂ ದೊಡ್ಡ ಘಟಕಗಳಿಗೆ 275 ಮೀಟರ್, ಅದಕ್ಕಿಂತ ಕೆಳಗೆ 210 ಮೆಗಾವ್ಯಾಟ್‌ವರೆಗಿನವಕ್ಕೆ 220 ಮೀಟರ್ ಎಂದು ನಮ್ಮ ದೇಶದಲ್ಲಿ ಬಹುಕಾಲ ನಡೆದುಬಂದ ನಿಯಮ. ವಿಜಾಪುರದ ಗೋಲಗುಮ್ಮಟವು ಸುಮಾರು 51 ಮೀಟರ್. ನಾಲ್ಕು ಗುಮ್ಮಟಗಳನ್ನು ಒಂದರ ಮೇಲೊಂದಿಟ್ಟರೂ 220 ಮೀಟರ್ ಆಗುವುದಿಲ್ಲ. ಕಜಾಕಸ್ತಾನದ ಎಕಿಬಾಸ್ತೂಜ್‌ನಲ್ಲಿ 1987ರಲ್ಲಿ ಮುಗಿದ ಚಿಮಣಿಯಂತೂ 419 ಮೀಟರಿಗೂ ಹೆಚ್ಚು.

ಇಂಥದನ್ನು ನೆಲದಿಂದ ಕಂಬ ನೆಟ್ಟು, ಅಟ್ಟ ಕಟ್ಟಿ ಏರಿಸಲಾಗದು. ಅದಕ್ಕೆ ಸ್ಲಿಪ್‌ಫಾರ್ಮ್ ಎಂಬ ಉಪಾಯ. ಗೋಡೆಯ ಒಳಮೈಗೂ ಹೊರಮೈಗೂ ಕೇವಲ ನಾಲ್ಕು ಅಡಿ ಎತ್ತರದ ಉಕ್ಕಿನ ಅಚ್ಚು. ಆ ಎರಡನ್ನೂ ಹಿಡಿದಿರುವ ಚೌಕಟ್ಟುಗಳಿಗೆ ಜಾಕುಗಳು; ಕಾಂಕ್ರೀಟಿನೊಳಗೆ ನಿಂತ ಸರಳುಗಳನ್ನು ಹಿಡಿದುಕೊಂಡು ಈ ಜಾಕುಗಳು ಒಮ್ಮೆಗೆ ಒಂದು ಅಂಗುಲದಷ್ಟು ಮೇಲಕ್ಕೆ ಹತ್ತುತ್ತವೆ. ಮೇಲಿನಿಂದ ಹಸಿ ಕಾಂಕ್ರೀಟ್ ಸುರಿಯುತ್ತಲೇ ಇರಬೇಕು. ನಾಲ್ಕಾರು ಗಂಟೆಗಳಲ್ಲಿ ಅದು ಅಚ್ಚಿನ ಕೆಳಗಿನಿಂದ ತನ್ನ ಭಾರವನ್ನು ತಾನೇ ಹೊರುವಷ್ಟು ಗಟ್ಟಿಯಾಗಿ ಹೊರಬೀಳುತ್ತದೆ. ಕೆಳಗೆ ತೂಗುಬಿಟ್ಟ ಅಟ್ಟದಲ್ಲಿ ನಿಂತ ಗೌಂಡಿಗಳು ಅದರ ಮೈಯನ್ನು ನಯಮಾಡುತ್ತಾರೆ. ಅಚ್ಚು, ಅಟ್ಟ, ಆಳುಗಳು ಎಲ್ಲವೂ ಕೂಡಿಯೇ ಮೇಲೇರುವುದು! ಬುಡದಲ್ಲಿ ಅಗಲವಾಗಿ ತುದಿಗೆ ಸಣ್ಣದಾಗುವ ಚಿಮಣಿಯಾದರೆ ಏರುತ್ತ ಏರುತ್ತ ಅಚ್ಚಿನ ಸುತ್ತಳತೆಯನ್ನೂ ಕುಗ್ಗಿಸುತ್ತ ಹೋಗಬೇಕು.

ಹಗಲಿರುಳೂ ಕೆಲಸ ನಿಲ್ಲುವಂತಿಲ್ಲ. ನಿಂತರೆ ಕಾಂಕ್ರೀಟ್ ಅಚ್ಚಿಗೆ ಕಚ್ಚಿಕೊಳ್ಳುತ್ತದೆ. ಅವಸರಪಟ್ಟರೆ ಹಸಿಗೋಡೆ ಕುಸಿಯುತ್ತದೆ. ರಾಯಚೂರಿನಂಥ ಬಿಸಿಲೂರಿನಲ್ಲಿ ಬೇಗ ಗಟ್ಟಿಯಾಗದಿರಲೆಂದು ಬೆರೆಸುವ ನೀರಿಗೆ ಮಂಜುಗಡ್ಡೆ ಹಾಕುವುದೂ ಉಂಟು. ಮಗುವಿಗೆ ಹಾಲು ಕಾಯಿಸುವ ತಾಯಿಗೆ ಇರುವಷ್ಟೇ ಎಚ್ಚರ ಇಲ್ಲಿಯೂ ಬೇಕು.

ಆ ಶೆಡ್ಡಿನಲ್ಲಿ ನಮಗೆ ಭೇಟಿಯಾದ ಮೇಸ್ತ್ರಿಯವರು ಇಂಡಿ ತಾಲೂಕಿನವರು. ಹತ್ತಾರು ಚಿಮಣಿಗಳ ತುದಿಯಲ್ಲಿ ದುಡಿದು, ಈಗ ಮೊಣಕಾಲು ನೋವಿನಿಂದಾಗಿ ನೆಲದ ಕೆಲಸಕ್ಕೆ ಬಂದವರು. “ಏರೂದೇನ ದೊಡ್ಡ ಮಾತಲ್ರಿ, ನೆಟ್ಟಗ ಏರೂದು ನೋಡ್ರಿ ಕೆಲಸ. ಅಟ್ಟಾ ಒಂದೀಟು ತಿರುಗಿತಂದ್ರ ಸರಳೆಲ್ಲಾ ವಾಲತಾವ” ಎಂದರು. ಹಿಂದೆ ತೂಗುಗುಂಡನ್ನು ಬಿಟ್ಟು ನೋಡುತ್ತಿದ್ದರಂತೆ, ಈಗ ಲೇಸರ್ ಕಿರಣ. ಅವರ ಮನೆಯವರು ನಮಗೆ ಚಹಾ ಕೊಡುತ್ತ, “ರಾತ್ರಿಪಾಳಿ ಇದ್ದಾಗ ನಸುಕಿನ್ಯಾಗ ಫೋನ್ ಮಾಡಿ, ‘ಇಳದ್ರೇನ್ರಿ?’ ಅಂತ ಇಷ್ಟ ಕೇಳತಿದ್ದೆ. ಹ್ಞೂಂ ಅಂದ ಮ್ಯಾಲ ಒಲಿ ಹಚ್ಚತಿದ್ದೆ” ಎಂದರು.

ಆಕೆಯ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. 2009ರ ಸೆಪ್ಟೆಂಬರ್ 23ರಂದು ಛತ್ತೀಸಗಢದ ಕೋರ್ಬಾದಲ್ಲಿ, 275 ಮೀಟರಿಗೆ ಏರಬೇಕಾಗಿದ್ದ ಚಿಮಣಿಯೊಂದು 200 ಮೀಟರನ್ನು ದಾಟಿದ್ದಾಗ ಮಳೆ ಸಿಡಿಲುಗಳ ನಡುವೆ ಕುಸಿದುಬಿದ್ದಿತು. ನಲವತ್ತಕ್ಕೂ ಹೆಚ್ಚು ಕೆಲಸಗಾರರು ಮಡಿದರು. ಬಹುಮಂದಿ ದೂರದ ರಾಜ್ಯಗಳಿಂದ ಬಂದವರು. ಚಿಮಣಿಯ ಮೀಟರುಗಳನ್ನು ಎಣಿಸಿ ಹೆಮ್ಮೆಪಡುವವರು ಆ ಹೆಸರುಗಳನ್ನೂ ಒಮ್ಮೆ ಓದಿಕೊಳ್ಳುವುದು ಲೇಸು. ಕಾಂಕ್ರೀಟಿನ ಬಲಪರೀಕ್ಷೆ, ಸೊಂಟದ ಪಟ್ಟಿ, ಗಾಳಿ ಎದ್ದಾಗ ಆಳುಗಳನ್ನು ಇಳಿಸುವ ಅಧಿಕಾರ ಇವು ಖರ್ಚಿನ ಬಾಬುಗಳಲ್ಲ.

ಇಷ್ಟೆಲ್ಲ ಎತ್ತರವೇಕೆ? ಹೊಗೆಯನ್ನು ಶುದ್ಧಮಾಡಲಿಕ್ಕೆ ಎಂದು ಕೆಲವರು ತಿಳಿದಿದ್ದಾರೆ, ಹಾಗಲ್ಲ. ಗಂಧಕದ ಅನಿಲವು ಬುಡದ ಊರಿನ ಮೇಲೆ ಇಳಿಯದೆ ದೂರಕ್ಕೆ ಹರಡಿ ತೆಳುವಾಗಲೆಂದು ಮಾತ್ರ. ನಮ್ಮ ಅಂಗಳದ ಕಸವನ್ನು ಹತ್ತು ಮನೆಗಳ ಅಂಗಳಕ್ಕೆ ಹಂಚಿದಂತೆ ಎನ್ನೋಣವೆ? 2015ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಆ ಅನಿಲಕ್ಕೇ ಮಿತಿ ಹಾಕಿತು. ಅದನ್ನು ತೊಳೆಯುವ ಯಂತ್ರಗಳು ಅಗತ್ಯವಾದವು. ಗಡುವುಗಳು ಮುಂದೆ ಮುಂದೆ ಹೋಗಿ, 2025ರ ಜುಲೈಯಲ್ಲಿ ಹೆಚ್ಚಿನ ಕೇಂದ್ರಗಳಿಗೆ ವಿನಾಯಿತಿಯೇ ದೊರೆಯಿತು. ಹೀಗಾಗಿ ಭಾರವೆಲ್ಲ ಮತ್ತೆ ಚಿಮಣಿಯ ಎತ್ತರದ ಮೇಲೆಯೇ ಬಿದ್ದಿದೆ. ನಮಗೇನೋ ಇದು ಸಮಾಧಾನದ ಸಂಗತಿಯೆನಿಸುವುದಿಲ್ಲ.

ಇನ್ನು ಬೂದಿ. 210 ಮೆಗಾವ್ಯಾಟಿನ ಒಂದು ಘಟಕವು ಪೂರ್ಣವಾಗಿ ನಡೆದರೆ ದಿನಕ್ಕೆ ಸುಮಾರು 3,000 ಟನ್ ಕಲ್ಲಿದ್ದಲು ಬೇಕು. ನಮ್ಮ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ಬೂದಿಯೇ. ಎಂದರೆ ದಿನಕ್ಕೆ ಸಾವಿರ ಟನ್! ಹೊಗೆಯೊಡನೆ ಹಾರುವ ನುಣ್ಣನೆಯ ಬೂದಿಯನ್ನು ವಿದ್ಯುತ್ತಿನಿಂದ ಸೆಳೆದು ಹಿಡಿದು ಕಾಂಕ್ರೀಟಿನ ದುಂಡು ಕಣಜಗಳಲ್ಲಿ ತುಂಬುತ್ತಾರೆ. ಇವನ್ನೂ ಅದೇ ಜಾರುವ ಅಚ್ಚಿನಿಂದ ಕಟ್ಟುವುದು.

ನಮ್ಮ ಕಡೆಯ ಜೋಳದ ಹಗೇವು ನೆಲದೊಳಗೆ ಇರುವುದರಿಂದ ಸುತ್ತಲಿನ ಮಣ್ಣೇ ಅದನ್ನು ಒತ್ತಿಹಿಡಿಯುತ್ತದೆ. ನೆಲದ ಮೇಲಿನ ಕಣಜಕ್ಕೆ ಆ ಆಸರೆಯಿಲ್ಲ. ಆದರೆ ಒಂದು ಸೋಜಿಗವಿದೆ: ನೀರಿನ ತೊಟ್ಟಿಯಲ್ಲಿ ಆಳ ಹೆಚ್ಚಿದಷ್ಟೂ ಒತ್ತಡ ಹೆಚ್ಚಿದರೆ, ಕಾಳಿನ ಕಣಜದಲ್ಲಿ ಹಾಗಾಗದು. ಕಾಳು ಗೋಡೆಗೆ ತಿಕ್ಕಿಕೊಂಡು ತನ್ನ ಭಾರದ ಪಾಲನ್ನು ಗೋಡೆಗೇ ಹೊರಿಸುತ್ತದೆ. ಜರ್ಮನಿಯ ಯಾನ್ಸನ್ ಎಂಬ ಇಂಜಿನಿಯರನು 1895ರಲ್ಲಿಯೇ ಇದಕ್ಕೆ ಸೂತ್ರ ಕೊಟ್ಟನು. ತುಂಬುವಾಗ ಶಾಂತವಾಗಿರುವ ಈ ಒತ್ತಡವು ಕೆಳಗಿನ ಬಾಯಿ ತೆರೆದು ಖಾಲಿ ಮಾಡುವಾಗ ಏರುತ್ತದೆ. ಒಂದೇ ಪಕ್ಕದಿಂದ ಖಾಲಿ ಮಾಡಿದರಂತೂ ದುಂಡುಗೋಡೆ ಸೊಟ್ಟಗಾಗಲು ನೋಡುತ್ತದೆ. ಬೂದಿ ಇನ್ನೂ ತುಂಟ. ತೇವ ತಗುಲಿದರೆ ಹೆಪ್ಪುಗಟ್ಟಿ ಇಳಿಯಲೊಲ್ಲದು. ಅದಕ್ಕಾಗಿ ತಳದಿಂದ ಗಾಳಿ ಊದಿದರೆ ನೀರಿನಂತೆಯೇ ಹರಿಯುತ್ತದೆ.

ಹಾಗೆ ಹರಿದ ಬೂದಿಯನ್ನು ಮುಚ್ಚಿದ ಟ್ಯಾಂಕರುಗಳಲ್ಲಿ ಸಿಮೆಂಟು ಕಾರ್ಖಾನೆಗಳಿಗೆ ಒಯ್ಯುತ್ತಾರೆ. ಪೊಝೊಲಾನಾ ಸಿಮೆಂಟಿನಲ್ಲಿ ನೂರಕ್ಕೆ 15ರಿಂದ 35ರವರೆಗೆ ಈ ಬೂದಿಯೇ ಇರಬಹುದು. ಪುಣೆಯಲ್ಲಿ ಹೊಸ ಮನೆ ಕಟ್ಟಿಸುತ್ತಿರುವ ವಾಚಕರು ಸಿಮೆಂಟಿನ ಚೀಲದ ಮೇಲಿನ ಅಕ್ಷರಗಳನ್ನು ಓದಿ ನೋಡಲಿ; ಪಿಪಿಸಿ ಎಂದಿದ್ದರೆ ಯಾವುದೋ ವಿದ್ಯುತ್ ಕೇಂದ್ರದ ಬೂದಿ ಅವರ ಗೋಡೆಗೂ ಬಂದಿರಬಹುದು.